ಕೆಡವುವ ಮುನ್ನ ಮಾಲಿನ ಲೆಕ್ಕ

ಮನೆ ಕಟ್ಟಿಸುವಾಗ ನಮ್ಮ ಜನ ತೋರುವ ಎಚ್ಚರ ಕಡಿಮೆಯದಲ್ಲ. ವಾಸ್ತು ಕೇಳುತ್ತಾರೆ, ನಾಲ್ಕು ಕಡೆಯಿಂದ ಕೊಟೇಶನ್ ತರಿಸುತ್ತಾರೆ, ಸಿಮೆಂಟ್ ಯಾವ ಕಂಪನಿಯದು, ಕಂಬಿ ಎಷ್ಟು ಎಂಎಂ ಎಂದು ಮೇಸ್ತ್ರಿಯ ತಲೆ ತಿನ್ನುತ್ತಾರೆ. ಅದೇ ಸೈಟಿನಲ್ಲಿ ನಿಂತಿರುವ ಹಳೆ ಮನೆಯನ್ನು ಕೆಡವುವ ಮಾತು ಬಂದಾಗ ಮಾತ್ರ ಒಂದು ಫೋನ್ ಕರೆಯಲ್ಲಿ ವ್ಯವಹಾರ ಮುಗಿದುಹೋಗುತ್ತದೆ. ಕೆಡವುವುದರಲ್ಲಿ ಏನಿದೆ, ಜೆಸಿಬಿ ತಂದರೆ ಒಂದು ದಿನದ ಕೆಲಸ ಎಂಬ ಭಾವನೆ. ಈ ಭಾವನೆಯೇ ದುಬಾರಿ. ಕೆಡವುವ ಗುತ್ತಿಗೆ ಮೇಲ್ನೋಟಕ್ಕೆ ಕೂಲಿಯ ಕರಾರಿನಂತೆ ಕಂಡರೂ ಒಳಗೆ ಅದು ಮಾರಾಟದ ಕರಾರು. ಮಾರುವವರು ನೀವು, ಕೊಳ್ಳುವವನು ಗುತ್ತಿಗೆದಾರ. ಮನೆಯಲ್ಲಿ ಮಾರುವಂಥ ಮಾಲು ಏನೇನಿದೆ, ಎಷ್ಟಿದೆ ಎಂಬುದು ಕೊಳ್ಳುವವನಿಗೆ ಚೆನ್ನಾಗಿ ಗೊತ್ತಿರುತ್ತದೆ, ಮಾರುವವರಿಗೆ ಗೊತ್ತಿರುವುದಿಲ್ಲ. ಯಾರಿಗೆ ಕೆಲಸ ಕೊಡಬೇಕು, ಕೈಯಿಂದ ಬಿಚ್ಚಿಸಬೇಕೋ ಯಂತ್ರದಿಂದ ಒಡೆಸಬೇಕೋ, ಕಲ್ಲುಮಣ್ಣು ಎಲ್ಲಿಗೆ ಹೋಗಬೇಕು ಎಂಬ ಪ್ರಶ್ನೆಗಳಿಗೆ ಸರಿಯಾದ ಉತ್ತರ ಸಿಗುವುದು ಈ ಲೆಕ್ಕ ಬಿಡಿಸಿದ ಮೇಲೆಯೇ.

ಒಂದೇ ಮನೆಯನ್ನು ಮೂವರು ಗುತ್ತಿಗೆದಾರರಿಗೆ ತೋರಿಸಿ ನೋಡಿ. ಒಬ್ಬ ಇಷ್ಟು ಲಕ್ಷ ಕೊಡಿ ಎನ್ನುತ್ತಾನೆ. ಇನ್ನೊಬ್ಬ ದುಡ್ಡು ಬೇಡ, ಮಾಲು ನಮಗೆ ಬಿಡಿ ಎನ್ನುತ್ತಾನೆ. ಮೂರನೆಯವನು ತಾನೇ ನಿಮಗೆ ದುಡ್ಡು ಕೊಡುತ್ತೇನೆ ಎನ್ನುತ್ತಾನೆ. ಕೆಲಸ ಒಂದೇ ಆದರೂ ದರದಲ್ಲಿ ಇಷ್ಟು ಅಂತರ ಬರುವುದು ಮಾಲಿನ ಬೆಲೆಯನ್ನು ಒಬ್ಬೊಬ್ಬರು ಒಂದೊಂದು ಬಗೆಯಲ್ಲಿ ಹಿಡಿಯುವುದರಿಂದ. ಮೂರನೆಯವನ ಮಾತು ಕೇಳಲು ಹಿತವಾಗಿರುತ್ತದೆ, ಬಹುಪಾಲು ಜನ ಅಲ್ಲಿಗೇ ಒಪ್ಪಿಬಿಡುತ್ತಾರೆ. ಆದರೆ ಅವನ ಲಾಭ ಎಲ್ಲಿಂದ ಬರುತ್ತದೆ ಎಂದು ಯೋಚಿಸಿದರೆ ಕೆಲಸ ಹೇಗೆ ನಡೆಯುತ್ತದೆ ಎಂಬುದೂ ಗೊತ್ತಾಗುತ್ತದೆ. ದುಡ್ಡು ಇರುವುದು ಬಾಗಿಲು, ಕಿಟಕಿ, ತೊಲೆ, ಕಂಬಿ, ತಾಮ್ರದ ವೈರು, ಕಿಟಕಿ ಗ್ರಿಲ್ಲುಗಳಲ್ಲಿ. ಅವನ್ನು ಎಷ್ಟು ಬೇಗ ಕಿತ್ತು ಸಾಗಿಸಿದರೆ ಅಷ್ಟು ಒಳ್ಳೆಯದು. ಒಡೆದ ಇಟ್ಟಿಗೆ, ಗಾರೆ, ಕಾಂಕ್ರೀಟು ಅವನ ಪಾಲಿಗೆ ಬರೀ ಖರ್ಚು. ಹಾಗಾಗಿ ಮೊದಲ ವಾರ ಹತ್ತು ಜನ ಕೆಲಸಕ್ಕೆ ಬರುತ್ತಾರೆ. ಮಾಲು ಹೋದ ಮೇಲೆ ಫೋನ್ ಎತ್ತುವವರೇ ಇರುವುದಿಲ್ಲ, ಸೈಟಿನಲ್ಲಿ ಗುಡ್ಡೆ ಹಾಗೇ ಬಿದ್ದಿರುತ್ತದೆ. ಇದರಲ್ಲಿ ಮೋಸಕ್ಕಿಂತ ಹೆಚ್ಚಾಗಿ ಕರಾರಿನ ತಪ್ಪಿದೆ. ಲಾಭವನ್ನೆಲ್ಲ ಮುಂದೆ, ಖರ್ಚನ್ನೆಲ್ಲ ಹಿಂದೆ ಇಟ್ಟರೆ ಯಾರು ತಾನೇ ಕೊನೆತನಕ ನಿಲ್ಲುತ್ತಾರೆ?

ಮಾಲಿನ ಲೆಕ್ಕ ಹಾಕುವುದು ಅಂಥ ಬ್ರಹ್ಮವಿದ್ಯೆಯೇನಲ್ಲ. ಒಂದು ಟೇಪು, ಒಂದು ನೋಟ್‌ಬುಕ್ ಇದ್ದರೆ ಒಂದು ಮಧ್ಯಾಹ್ನದ ಕೆಲಸ. ಹಳೆ ಮರದ ವ್ಯಾಪಾರ ನಡೆಯುವುದು ಘನ ಅಡಿಯಲ್ಲಿ, ಅಂಗಡಿಯವರ ಬಾಯಲ್ಲಿ ಸಿಎಫ್‌ಟಿ. ಏಳು ಅಡಿ ಎತ್ತರ, ಮೂರೂವರೆ ಅಡಿ ಅಗಲದ ಬಾಗಿಲ ಚೌಕಟ್ಟು, ಅದರ ಮರ ಐದು ಇಂಚು ಮೂರು ಇಂಚಿನದು ಎಂದುಕೊಳ್ಳಿ. ಹೊಸಿಲೂ ಸೇರಿ 21 ಅಡಿ ಉದ್ದ, ಅಂದರೆ ಚೌಕಟ್ಟೊಂದರಲ್ಲೇ ಎರಡು ಘನ ಅಡಿಗೂ ಹೆಚ್ಚು ಮರ. ಜಂತೆಗಳ ಮೇಲೆ ಇಟ್ಟಿಗೆ, ಸುಣ್ಣದ ಕಾಂಕ್ರೀಟು ಹಾಸಿದ ಮದ್ರಾಸ್ ತಾರಸಿಯ ಮನೆಯಾದರೆ ಲೆಕ್ಕ ದೊಡ್ಡದಾಗುತ್ತದೆ. ಹನ್ನೆರಡು ಅಡಿ ಅಗಲ, ಇಪ್ಪತ್ತು ಅಡಿ ಉದ್ದದ ಹಜಾರಕ್ಕೆ ಒಂದೂವರೆ ಅಡಿಗೊಂದರಂತೆ ಜಂತೆ ಹಾಕಿದ್ದರೆ ಹದಿಮೂರು ಹದಿನಾಲ್ಕು ಜಂತೆ. ಆರು ಇಂಚು ಮೂರು ಇಂಚಿನ ಒಂದೊಂದೂ ಒಂದೂವರೆ ಘನ ಅಡಿ. ಆ ಒಂದು ಹಜಾರದ ಮಾಡಿನಲ್ಲೇ ಸುಮಾರು ಇಪ್ಪತ್ತು ಘನ ಅಡಿ ಮರ ಇದೆ. ಅದು ತೇಗವೋ, ಹೊನ್ನೆಯೋ, ಹಲಸೋ, ಬರೀ ಕಾಡುಮರವೋ ಎಂಬುದನ್ನು ಬಡಗಿಯೊಬ್ಬರನ್ನು ಕರೆದು ಕೇಳಿ, ಎರಡು ಅಂಗಡಿಗಳಲ್ಲಿ ಅವತ್ತಿನ ದರ ವಿಚಾರಿಸಿದರೆ ನಿಮ್ಮ ಮನೆಯ ಬೆಲೆ ನಿಮಗೇ ಗೊತ್ತಾಗುತ್ತದೆ. ಮಲೆನಾಡಿನ ತೊಟ್ಟಿ ಮನೆಯಲ್ಲಿ ಬೆಲೆ ಇರುವುದು ಕಂಬ ಮತ್ತು ತೊಲೆಯಲ್ಲಿ. ಕರಾವಳಿಯಲ್ಲಿ ಪಕಾಸು, ಹೆಂಚು ಮತ್ತು ಕೆಂಪು ಕಲ್ಲಿನಲ್ಲಿ. ಬೆಂಗಳೂರು, ಕೋಲಾರದ ಕಡೆ ಕಲ್ಲು ಚಪ್ಪಡಿ ಮತ್ತು ಸೈಜುಗಲ್ಲಿನಲ್ಲಿ. ಕಲಬುರಗಿ ಕಡೆ ಶಹಾಬಾದ್ ಕಲ್ಲಿನಲ್ಲಿ. 1865ರಲ್ಲಿ ಬಾಸೆಲ್ ಮಿಷನ್ ಮಂಗಳೂರಿನಲ್ಲಿ ಹೆಂಚಿನ ಕಾರ್ಖಾನೆ ಶುರುಮಾಡಿದ ಮೇಲೆ ಈ ನಾಡಿನ ಮಾಡುಗಳ ಮೇಲೇರಿದ ಹೆಂಚುಗಳಲ್ಲಿ ಎಷ್ಟೋ ಇಂದಿಗೂ ಗಟ್ಟಿಯಾಗಿವೆ. ಇಳಿಸುವವನ ಕೈ ಒರಟಾಗಿರಬಾರದು, ಅಷ್ಟೇ.

ಆರ್‌ಸಿಸಿ ಮನೆಯ ಲೆಕ್ಕ ಬೇರೆ. ಮೂವತ್ತು ನಲವತ್ತರ ಸೈಟಿನಲ್ಲಿ ಸಾವಿರ ಚದರಡಿಯ ಒಂದಂತಸ್ತಿನ ಮನೆ ಎಂದು ಹಿಡಿಯಿರಿ. ಐದು ಇಂಚಿನ ತಾರಸಿಯಲ್ಲಿ ಸುಮಾರು ಹನ್ನೊಂದೂವರೆ ಘನ ಮೀಟರ್ ಕಾಂಕ್ರೀಟು, ಅಂದರೆ 28 ಟನ್. ಒಂಬತ್ತು ಇಂಚಿನ ಗೋಡೆಗಳು ಒಟ್ಟು 45 ಮೀಟರ್ ಉದ್ದ, ಮೂರು ಮೀಟರ್ ಎತ್ತರ ಎಂದುಕೊಂಡು ಬಾಗಿಲು ಕಿಟಕಿಯ ಜಾಗ ಕಳೆದರೆ ಸುಮಾರು 50 ಟನ್. ನೆಲ, ಗಿಲಾವು, ಸಜ್ಜ, ಪ್ಯಾರಪೆಟ್ಟು, ನೆಲದ ಕೆಳಗಿನ ಪಾಯ ಸೇರಿಸಿದರೆ 100 ಟನ್ ಸುಲಭವಾಗಿ ದಾಟುತ್ತದೆ. ಅಂದರೆ ಹತ್ತು ಟನ್ನಿನ ಟಿಪ್ಪರ್ ಹತ್ತು ಬಾರಿ ಓಡಾಡಬೇಕು. ಅದೇ ತಾರಸಿಯಲ್ಲಿ ಘನ ಮೀಟರಿಗೆ 80 ಕಿಲೋದಂತೆ ಹಿಡಿದರೂ ಮುಕ್ಕಾಲು ಟನ್ನಿಗೂ ಮೀರಿ ಕಂಬಿ ಇರುತ್ತದೆ. ಇಂಥ ಮನೆಗೆ ದುಡ್ಡು ಕೊಟ್ಟು ಕೆಡವುತ್ತೇನೆ ಎಂದು ಯಾರಾದರೂ ಬಂದರೆ ಕೇಳಬೇಕಾದ ಪ್ರಶ್ನೆ ಒಂದೇ: ಮುಕ್ಕಾಲು ಟನ್ ಕಬ್ಬಿಣದ ಗುಜರಿ ಬೆಲೆಯಲ್ಲಿ ನೂರು ಟನ್ ಅವಶೇಷ ಸಾಗಿಸುವುದು ಹೇಗೆ? ಉತ್ತರ ಸಾಮಾನ್ಯವಾಗಿ ಹತ್ತಿರದ ಕೆರೆಯಂಗಳದಲ್ಲೋ, ರಾಜಕಾಲುವೆಯ ದಂಡೆಯಲ್ಲೋ, ಖಾಲಿ ಸೈಟಿನಲ್ಲೋ ರಾತ್ರಿ ಹೊತ್ತು ಸಿಗುತ್ತದೆ.

ಆದ್ದರಿಂದ ಮೊದಲು ಮಾಡಬೇಕಾದದ್ದು ಎರಡು ವ್ಯವಹಾರಗಳನ್ನು ಬಿಡಿಸುವುದು. ಮಾಲಿನ ಮಾರಾಟ ಬೇರೆ, ಕೆಡವಿ ಸಾಗಿಸುವ ಕೆಲಸ ಬೇರೆ. ಮರದ ವ್ಯಾಪಾರಿಗೆ ಮರ, ಗುಜರಿಯವನಿಗೆ ಕಬ್ಬಿಣ, ಹೆಂಚು ಬೇಕಾದವನಿಗೆ ಹೆಂಚು. ಕೆಡವುವವನಿಗೆ ಅವನ ಕೂಲಿ, ಟಿಪ್ಪರಿನ ಬಾಡಿಗೆ. ಇದಕ್ಕೆ ಬರುವ ಆಕ್ಷೇಪ ನ್ಯಾಯವಾದದ್ದೇ: ಕೆಲಸಕ್ಕೆ ಹೋಗುವವರು, ಊರಾಚೆ ಇರುವವರು, ವಯಸ್ಸಾದವರು ನಾಲ್ಕು ವ್ಯಾಪಾರಿಗಳ ಬೆನ್ನು ಹತ್ತುವುದು ಹೇಗೆ, ಒಬ್ಬನಿಗೇ ವಹಿಸಿದರೆ ನೆಮ್ಮದಿಯಲ್ಲವೇ? ಒಬ್ಬನಿಗೇ ವಹಿಸಿ, ತೊಂದರೆಯಿಲ್ಲ. ಕಾಗದದ ಮೇಲೆ ಮಾತ್ರ ಎರಡು ಮೊತ್ತ ಬರೆಸಿ: ಮಾಲಿಗೆ ಅವನು ಕೊಡುವುದು ಎಷ್ಟು, ಕೆಡವಿ ನೆಲ ಸಮ ಮಾಡಿಕೊಡಲು ನೀವು ಕೊಡುವುದು ಎಷ್ಟು. ಮೊದಲನೆಯದನ್ನು ಮಾಲು ಗೇಟು ದಾಟುವ ಮುಂಚೆ ತೆಗೆದುಕೊಳ್ಳಿ, ಎರಡನೆಯದನ್ನು ಕೆಲಸ ಮುಗಿದಂತೆ ಕೊಡಿ. ಒಟ್ಟು ಲೆಕ್ಕ ಮೊದಲಿನಷ್ಟೇ ಬಂದರೂ ಪರವಾಗಿಲ್ಲ. ಕೊನೆಯ ಟಿಪ್ಪರ್ ಹೋಗುವ ತನಕ ಅವನಿಗೆ ಬರಬೇಕಾದ ಹಣ ನಿಮ್ಮ ಕೈಯಲ್ಲಿ ಉಳಿದಿರುತ್ತದೆ.

ಇಷ್ಟೆಲ್ಲ ಕೆಡವುವುದು ನಿಶ್ಚಯವಾದ ಮೇಲಿನ ಮಾತು. ಅದಕ್ಕೂ ಮೊದಲು, ಕೆಡವಿದ ಜಾಗದಲ್ಲಿ ಮತ್ತೆ ಕಟ್ಟಲು ಬಿಡುತ್ತಾರೆಯೇ ಎಂದು ವಿಚಾರಿಸಬೇಕು. ಹಳೆಯ ಮನೆಗಳು ಸೈಟಿನ ಅಂಚಿನ ತನಕ ಚಾಚಿಕೊಂಡಿರುತ್ತವೆ. ಹೊಸ ಮನೆಗೆ ಇಂದಿನ ನಿಯಮದಂತೆ ಸುತ್ತ ಜಾಗ ಬಿಡಬೇಕು, ರಸ್ತೆ ಅಗಲೀಕರಣದ ಗೆರೆ ಎಲ್ಲಿ ಬರುತ್ತದೋ ನೋಡಬೇಕು. ಶ್ರೀರಂಗಪಟ್ಟಣ, ವಿಜಯಪುರ, ಬೀದರ್, ಚಿತ್ರದುರ್ಗದಂಥ ಊರುಗಳಲ್ಲಿ ಇನ್ನೂ ಎಚ್ಚರ ಬೇಕು. ಪ್ರಾಚೀನ ಸ್ಮಾರಕಗಳ ಕಾಯ್ದೆಗೆ 2010ರಲ್ಲಾದ ತಿದ್ದುಪಡಿಯಂತೆ ಕೇಂದ್ರದ ಸಂರಕ್ಷಿತ ಸ್ಮಾರಕದಿಂದ 100 ಮೀಟರ್ ಒಳಗೆ ಹೊಸದಾಗಿ ಕಟ್ಟುವಂತಿಲ್ಲ; ಇರುವ ಮನೆಯನ್ನು ಅನುಮತಿ ಪಡೆದು ದುರಸ್ತಿ ಮಾಡಿಕೊಳ್ಳಬಹುದು ಅಷ್ಟೇ. ಅದರಾಚೆಯ 200 ಮೀಟರಿನಲ್ಲಿ ಕಟ್ಟಲೂ ಅನುಮತಿ ಬೇಕು. 100 ಮೀಟರ್ ಒಳಗೆ ಮನೆ ಕೆಡವಿದವರ ಕೈಯಲ್ಲಿ ಉಳಿಯುವುದು ಬಯಲು. ಮೈಸೂರಿನಂಥ ಕಡೆ ಪಾರಂಪರಿಕ ಕಟ್ಟಡಗಳ ಪಟ್ಟಿಯನ್ನೂ ನೋಡಬೇಕು. ಮನೆಯ ಮೇಲೆ ಸಾಲ ಇದ್ದರೆ ಬ್ಯಾಂಕಿನ ಒಪ್ಪಿಗೆ, ಅಂಗಳದಲ್ಲಿ ಕಡಿಯಬೇಕಾದ ಮರ ಇದ್ದರೆ 1976ರ ವೃಕ್ಷ ಸಂರಕ್ಷಣಾ ಕಾಯ್ದೆಯಂತೆ ವೃಕ್ಷಾಧಿಕಾರಿಯ ಅನುಮತಿ ಬೇಕು. ಬೆಂಗಳೂರಿನಲ್ಲಿ 2025ರ ಸೆಪ್ಟೆಂಬರಿನಿಂದ ಒಂದು ಪಾಲಿಕೆಯ ಬದಲು ಐದು ಪಾಲಿಕೆಗಳಾಗಿವೆ. ನಿಮ್ಮ ವಾರ್ಡು ಯಾವುದಕ್ಕೆ ಸೇರಿದೆ ಎಂದು ತಿಳಿದೇ ಕಚೇರಿಗೆ ಹೋಗುವುದು ಮೇಲು. ಹೊಸ ಮನೆಯ ನಕ್ಷೆ ಮಂಜೂರಾಗುವ ಮುಂಚೆ ಹಳೆಯದನ್ನು ಕೆಡವಬೇಡಿ.

ಈಗ ವಿಧಾನದ ಮಾತು. ಸ್ಫೋಟಕ ಇಟ್ಟು ಕ್ಷಣದಲ್ಲಿ ನೆಲಸಮ ಮಾಡುವ ದೃಶ್ಯಗಳನ್ನು ಟಿವಿಯಲ್ಲಿ ಎಲ್ಲರೂ ನೋಡಿದ್ದೇವೆ: 2020ರ ಜನವರಿಯಲ್ಲಿ ಕೇರಳದ ಮರಡಿನ ವಸತಿ ಸಮುಚ್ಚಯಗಳು, 2022ರ ಆಗಸ್ಟ್ 28ರಂದು ನೋಯ್ಡಾದ ಅವಳಿ ಗೋಪುರ. ನೋಯ್ಡಾದಲ್ಲಿ ಸುಮಾರು 3,700 ಕಿಲೋ ಸ್ಫೋಟಕ ಬಳಕೆಯಾಯಿತು, ಅದರ ಹಿಂದೆ ತಿಂಗಳುಗಟ್ಟಲೆ ತಯಾರಿ ಇತ್ತು. ಮನೆ, ಕಾರ್ ಶೆಡ್ಡುಗಳಿಗೂ ಅದಕ್ಕೂ ಸಂಬಂಧವಿಲ್ಲ. ನಮ್ಮ ಮುಂದಿರುವ ದಾರಿ ಎರಡೇ: ಜನರ ಕೈಯಿಂದ ಬಿಚ್ಚಿಸುವುದು, ಜೆಸಿಬಿ ಅಥವಾ ಹಿಟಾಚಿಯಿಂದ ಒಡೆಸುವುದು. ಬಿಚ್ಚುವಷ್ಟನ್ನು ಕೈಯಿಂದ, ಒಡೆಯುವಷ್ಟನ್ನು ಯಂತ್ರದಿಂದ ಎಂಬುದು ನನ್ನ ಅಭಿಪ್ರಾಯ. ಎಲ್ಲಿಯ ತನಕ ಬಿಚ್ಚಬೇಕು ಎಂಬುದನ್ನು ಆ ಮನೆಯ ಗಾರೆಯೇ ಹೇಳುತ್ತದೆ. ಗಿಲಾವು ಉದುರಿದ ಕಡೆ ಇಟ್ಟಿಗೆಯ ಸಂದಿಯನ್ನು ಬೀಗದ ಕೈಯಿಂದ ಕೆರೆದು ನೋಡಿ. ಬೆಳ್ಳಗೆ, ಪುಡಿಪುಡಿಯಾಗಿ ಉದುರಿದರೆ ಸುಣ್ಣದ ಗಾರೆ. ಕೀಲಿಯೇ ಸವೆದು ಗೋಡೆಯಲ್ಲಿ ಬೂದುಬಣ್ಣದ ಗೀರಷ್ಟೇ ಬಿದ್ದರೆ ಸಿಮೆಂಟು. ಸುಣ್ಣದ ಗಾರೆಯ ಗೋಡೆಯಿಂದ ಇಟ್ಟಿಗೆ ಇಡಿಯಾಗಿ ಬರುತ್ತದೆ, ಉಜ್ಜಿದರೆ ಮತ್ತೆ ಕಟ್ಟಬಹುದು. ಸಿಮೆಂಟಿನ ಗೋಡೆಯಲ್ಲಿ ಗಾರೆಗಿಂತ ಮೊದಲು ಇಟ್ಟಿಗೆಯೇ ಒಡೆಯುತ್ತದೆ. ಅದನ್ನು ಕೈಯಿಂದ ಬಿಡಿಸುವುದು ಕೂಲಿ ದಂಡ. ಕೈಯಿಂದ ಬಿಚ್ಚಿದರೆ ಎಷ್ಟರ ಮಟ್ಟಿಗೆ ಉಳಿಸಬಹುದು ಎಂಬುದಕ್ಕೆ ಮಣಿಪಾಲದ ಹಸ್ತ ಶಿಲ್ಪ ಗ್ರಾಮ ಸಾಕ್ಷಿ. ವಿಜಯನಾಥ ಶೆಣೈ ಅವರು ಬೇರೆ ಬೇರೆ ಊರುಗಳ ಹಳೆ ಮನೆಗಳನ್ನು ಬಿಚ್ಚಿ ತಂದು ಅಲ್ಲಿ ಮತ್ತೆ ನಿಲ್ಲಿಸಿದರು.

ಬಿಚ್ಚುವುದಕ್ಕೆ ಒಂದು ಕ್ರಮ ಇದೆ. ಕಟ್ಟಡ ಕೆಡವುವಾಗಿನ ಸುರಕ್ಷತೆಗೆ ಭಾರತೀಯ ಮಾನಕ ಸಂಸ್ಥೆಯ ಐಎಸ್ 4130 ಎಂಬ ಸಂಹಿತೆ ಇದೆ. ಅದರ ತಿರುಳು ಸರಳ: ಕಟ್ಟಿದ ಕ್ರಮಕ್ಕೆ ತಿರುಗುಮುರುಗಾಗಿ, ಮೇಲಿನಿಂದ ಕೆಳಕ್ಕೆ. ಮೊದಲು ಗಾಜು, ಆಮೇಲೆ ಮಾಡು, ಆಮೇಲೆ ಗೋಡೆ, ಕೊನೆಗೆ ಪಾಯ. ಮಾಲಿನ ಆಸೆಗೆ ಬಿದ್ದ ಗುತ್ತಿಗೆದಾರ ಮೊದಲು ಮುರಿಯುವುದು ಈ ಕ್ರಮವನ್ನೇ. ಬಾಗಿಲ ಚೌಕಟ್ಟಿಗೆ ಬೆಲೆ ಇದೆಯೆಂದು ಅದನ್ನು ಮೊದಲೇ ಕೀಳುತ್ತಾನೆ. ಮಣ್ಣಿನ ಗೋಡೆಯ ಹಳೆ ಮನೆಗಳಲ್ಲಿ ಚೌಕಟ್ಟಿನ ಮೇಲಿನ ಭಾರವೆಲ್ಲ ಆ ಮರದ ಮೇಲೇ ನಿಂತಿರುತ್ತದೆ. ಮದ್ರಾಸ್ ತಾರಸಿಯಲ್ಲಿ ಮೇಲಿನ ಸುಣ್ಣದ ಕಾಂಕ್ರೀಟನ್ನೂ ಓರೆಯಾಗಿ ಜೋಡಿಸಿದ ಇಟ್ಟಿಗೆಯನ್ನೂ ತೆಗೆದು ಭಾರ ಇಳಿಸಿದ ಮೇಲೆಯೇ ಜಂತೆಗೆ ಕೈ ಹಾಕಬೇಕು. ಕಬ್ಬಿಣದ ಗರ್ಡರುಗಳ ನಡುವೆ ಇಟ್ಟಿಗೆಯ ಕಮಾನು ಕಟ್ಟಿದ ಮಾಡುಗಳದು ಇನ್ನೂ ನಾಜೂಕಿನ ವಿಷಯ. ಅಲ್ಲಿ ಒಂದು ಕಮಾನು ಪಕ್ಕದ ಕಮಾನನ್ನು ಒತ್ತಿಕೊಂಡು ನಿಂತಿರುತ್ತದೆ. ಒಂದನ್ನು ತೆಗೆದರೆ ಮುಂದಿನದು ಗರ್ಡರನ್ನು ಪಕ್ಕಕ್ಕೆ ತಳ್ಳುತ್ತದೆ. ಗರ್ಡರುಗಳನ್ನು ಹಿಡಿದಿರುವ ಕಬ್ಬಿಣದ ಸರಳನ್ನು ಕಮಾನುಗಳೆಲ್ಲ ಇಳಿಯುವ ತನಕ ಕತ್ತರಿಸಕೂಡದು. ಕಲ್ಲು ಚಪ್ಪಡಿಯ ಮಾಡಿನಲ್ಲಿ ಚಪ್ಪಡಿ ಗೋಡೆಯ ಮೇಲೆ ಸುಮ್ಮನೆ ಕೂತಿರುತ್ತದೆ, ಯಾವುದಕ್ಕೂ ಬಿಗಿದಿರುವುದಿಲ್ಲ. ಚಮ್ಮಟಿಗೆಯಿಂದ ಗೋಡೆ ಅದುರಿಸಿದರೆ ಸಾಕು, ಜಾರುತ್ತದೆ. ಚೈನ್ ಪುಲ್ಲಿಯಿಂದ ಒಂದೊಂದಾಗಿ ಇಳಿಸಬೇಕು. ಈ ಮಾಡು ಯಾವ ಜಾತಿಯದು, ಅದನ್ನು ಹೇಗೆ ಇಳಿಸುತ್ತೀರಿ ಎಂದು ಗುತ್ತಿಗೆದಾರನನ್ನು ಕೇಳಿ. ಬಾಯಿ ತಡವರಿಸದೆ ಹೇಳುವವನು ಕೆಲಸ ಬಲ್ಲವನು. ಎಲ್ಲಾ ಆಗುತ್ತೆ ಸಾರ್ ಎನ್ನುವವನನ್ನು ಚಹಾ ಕೊಟ್ಟು ಕಳಿಸಿ.

ಆರ್‌ಸಿಸಿಯಲ್ಲಿ ಎಡವಟ್ಟಾಗುವುದು ಹೆಚ್ಚಾಗಿ ಸಜ್ಜ ಮತ್ತು ಬಾಲ್ಕನಿಯಲ್ಲಿ. ಗೋಡೆಯಿಂದ ಹೊರಚಾಚಿದ ಸಜ್ಜ ಬೀಳದೆ ನಿಂತಿರುವುದು ಅದರ ಬುಡದ ಮೇಲಿರುವ ಗೋಡೆಯ ಭಾರದಿಂದ. ಕೆಲಸಗಾರರು ಸಜ್ಜದ ಮೇಲೇ ನಿಂತು ಹಿಂದಿನ ಗೋಡೆ ಒಡೆಯುತ್ತಾ ಹೋದರೆ ಯಾವುದೋ ಒಂದು ಹೊತ್ತಿನಲ್ಲಿ ಸಜ್ಜ ಅವರನ್ನೂ ಹೊತ್ತು ಮಗುಚಿಕೊಳ್ಳುತ್ತದೆ. ಚಾಚಿದ್ದನ್ನು ಕೆಳಗಿನಿಂದ ಜಾಕಿ ಕೊಟ್ಟು ಮೊದಲು ತೆಗೆಯಬೇಕು. ಜೆಸಿಬಿಯದು ಇನ್ನೊಂದು ಮಿತಿ. ಅದು ಹಳ್ಳ ತೋಡಿ ಮಣ್ಣು ತುಂಬಲು ಹುಟ್ಟಿದ ಯಂತ್ರ. ಒಂದಂತಸ್ತು ದಾಟಿದರೆ ಅದರ ಕೈ ಸಾಲದು. ಆಗ ಚಾಲಕ ಕೆಳಗಿನ ಗೋಡೆಯನ್ನು ಕೆಡವಿ ಮೇಲಿನದು ತಾನಾಗಿ ಬೀಳಲಿ ಎಂದು ನೋಡುತ್ತಾನೆ. ಬೀಳುವುದಂತೂ ಬೀಳುತ್ತದೆ, ಯಾವ ಕಡೆಗೆ ಎಂಬುದು ಅವನ ಕೈಯಲ್ಲಿರುವುದಿಲ್ಲ. ಎರಡಂತಸ್ತಿನ ಮನೆಗೆ ಉದ್ದ ಕೈಯ ಹಿಟಾಚಿ ಬೇಕು. ಓಣಿಯೊಳಗೆ ಅದು ಬರದಿದ್ದರೆ ಮೇಲಂತಸ್ತನ್ನು ಬ್ರೇಕರ್ ಹಿಡಿದು ತುಂಡುತುಂಡಾಗಿ ಒಡೆಸಿ, ಒಡೆದದ್ದನ್ನು ತಾರಸಿಯ ಮೇಲೆ ರಾಶಿ ಹಾಕದೆ ಆಗಾಗ ಇಳಿಸಿ, ನೆಲದಂತಸ್ತನ್ನು ಮಾತ್ರ ಯಂತ್ರಕ್ಕೆ ಬಿಡಬೇಕು.

ಇಲ್ಲಿ ಎರಡು ಆಕ್ಷೇಪಗಳಿಗೆ ಉತ್ತರ ಹೇಳಬೇಕು. ಕೈಯಿಂದ ಬಿಚ್ಚಿಸಿದರೆ ವಾರಗಟ್ಟಲೆ ಹಿಡಿಯುತ್ತದೆ, ಬಾಡಿಗೆ ಮನೆಯಲ್ಲಿ ಕೂತವರಿಗೆ ಒಂದೊಂದು ದಿನವೂ ಖರ್ಚು ಎಂಬುದು ಒಂದು. ಇದಕ್ಕೆ ಮೇಲೆ ಹಾಕಿದ ಲೆಕ್ಕವೇ ಉತ್ತರ. ಮರ, ಹೆಂಚು, ಚಪ್ಪಡಿಯ ಬೆಲೆ ಒಂದು ತಿಂಗಳ ಬಾಡಿಗೆಯನ್ನೂ ಹೆಚ್ಚುವರಿ ಕೂಲಿಯನ್ನೂ ಮೀರಿದರೆ ಬಿಚ್ಚಿಸಿ, ಮೀರದಿದ್ದರೆ ಬಿಡಿ. ಎಂಬತ್ತರ ದಶಕದ ಬರೀ ಸಿಮೆಂಟಿನ ಮನೆಗೆ ಬಾಗಿಲು, ಕಿಟಕಿ, ಗ್ರಿಲ್ಲು ಕಳಚಿದ ಮೇಲೆ ಯಂತ್ರವೇ ಸರಿ. ಎರಡನೆಯ ಆಕ್ಷೇಪ ಇನ್ನೂ ಗಂಭೀರ: ಮಾಲು ಉಳಿಸುವ ಆಸೆಗೆ ಕೂಲಿಯವರನ್ನು ಹಳೆ ಮಾಡಿನ ಮೇಲೆ ಹತ್ತಿಸುವುದು ಸರಿಯೇ, ಯಂತ್ರದ ಒಳಗೆ ಕೂತವನು ಅಷ್ಟಾದರೂ ಸುರಕ್ಷಿತವಲ್ಲವೇ? ಈ ಮಾತಿನಲ್ಲಿ ಸತ್ಯ ಇದೆ. 2025ರ ಜನವರಿಯಲ್ಲಿ ಮೈಸೂರಿನ ಮಹಾರಾಣಿ ವಿಜ್ಞಾನ ಕಾಲೇಜಿನ ಹಳೆಯ ಕಟ್ಟಡ ಕೆಡವುತ್ತಿದ್ದಾಗ ಅದು ಕುಸಿದು ಕಾರ್ಮಿಕರೊಬ್ಬರು ಪ್ರಾಣ ಕಳೆದುಕೊಂಡರು. ಗೆದ್ದಲು ಹಿಡಿದ ಜಂತೆ, ವಾಲಿದ ಗೋಡೆ, ನೀರು ಕುಡಿದ ಮಣ್ಣಿನ ಗೋಡೆ ಇರುವ ಕಡೆ ಯಾರನ್ನೂ ಹತ್ತಿಸಬಾರದು. ಅಲ್ಲಿ ಎಂಥ ತೇಗ ಇದ್ದರೂ ದೂರ ನಿಂತ ಯಂತ್ರಕ್ಕೇ ಬಿಡಬೇಕು. ಅದನ್ನು ನಿರ್ಧರಿಸಲು ಒಬ್ಬ ಸ್ಟ್ರಕ್ಚರಲ್ ಎಂಜಿನಿಯರ್ ಬಂದು ಒಂದು ಸಲ ನೋಡಬೇಕು. ಹೊಸ ಮನೆಗೆ ಹೇಗೂ ಅವರನ್ನು ಗೊತ್ತು ಮಾಡಿರುತ್ತೀರಿ, ಒಂದು ತಿಂಗಳು ಮುಂಚೆ ಕರೆಯಿರಿ, ಅಷ್ಟೇ.

ಮನೆಗಿಂತ ಕಾರ್ ಶೆಡ್ ಕೆಡವುವುದು ಸುಲಭ ಎಂದು ಅದಕ್ಕೆ ಯಾರೂ ಗುತ್ತಿಗೆದಾರನನ್ನು ಹುಡುಕುವುದಿಲ್ಲ. ರಸ್ತೆಯಲ್ಲಿ ಸಿಕ್ಕ ಇಬ್ಬರು ಕೂಲಿಗಳು ಬಂದು ಹತ್ತಿಬಿಡುತ್ತಾರೆ. ಹಳೆ ಶೆಡ್ಡುಗಳ ಮೇಲೆ ಇರುವುದು ಸಾಮಾನ್ಯವಾಗಿ ಆಸ್ಬೆಸ್ಟಾಸ್ ಶೀಟು. ಬಿಸಿಲಿಗೆ, ಮಳೆಗೆ ಹಳತಾದ ಶೀಟು ಮನುಷ್ಯನ ಭಾರ ತಾಳುವುದಿಲ್ಲ. ಕಾಲಿಟ್ಟಲ್ಲೇ ಮುರಿದು ಹತ್ತಡಿ ಕೆಳಗಿನ ಸಿಮೆಂಟು ನೆಲಕ್ಕೆ ಬೀಳುತ್ತಾರೆ. ಶೀಟಿನ ಮೇಲೆ ನಡೆಯಬಾರದು; ಕೆಳಗೆ ಅಟ್ಟಣಿಗೆ ಕಟ್ಟಿ ಬೋಲ್ಟು ಬಿಚ್ಚಬೇಕು, ಅನಿವಾರ್ಯವಾದರೆ ಆಧಾರದ ಕಂಬಿಗಳಿಗೆ ಅಡ್ಡಲಾಗಿ ಹಲಗೆ ಹಾಸಿಕೊಳ್ಳಬೇಕು. ಅದರ ಧೂಳಿನಲ್ಲಿರುವ ನಾರು ಶ್ವಾಸಕೋಶ ಸೇರಿದರೆ ದಶಕಗಳ ಮೇಲೆ ಕ್ಯಾನ್ಸರ್ ಆಗಿ ಕಾಣಿಸಿಕೊಳ್ಳಬಹುದು. ಹಾಗಾಗಿ ಒಡೆಯುವುದು, ಗರಗಸ ಹಾಕುವುದು ಬೇಡ. ನೀರು ಹಾಕಿ ನೆನೆಸಿ, ಇಡಿಯಾಗಿ ಇಳಿಸಿ, ಪ್ಲಾಸ್ಟಿಕ್ ಹೊದಿಸಿ ಬೇರೆಯಾಗಿ ಸಾಗಿಸಬೇಕು. ಬಾಯಿಗೆ ಕಟ್ಟಿದ ಟವೆಲ್ ಆ ನಾರನ್ನು ತಡೆಯುವುದಿಲ್ಲ.

ಕೆಲಸ ಶುರುವಾಗುವ ಹಿಂದಿನ ವಾರ ಮಾಡಬೇಕಾದವು ಹಲವು. ಮೀಟರಿನ ಫ್ಯೂಸ್ ತೆಗೆದರೆ ಸಾಲದು, ವಿದ್ಯುತ್ ಕಂಪನಿಗೆ ಅರ್ಜಿ ಕೊಟ್ಟು ಕಂಬದಿಂದಲೇ ಲೈನು ತೆಗೆಸಬೇಕು. ಪೈಪಿನ ಗ್ಯಾಸ್ ಇದ್ದರೆ ಅದನ್ನು, ನೀರನ್ನು, ಒಳಚರಂಡಿಯನ್ನು ಮುಚ್ಚಿಸಬೇಕು. ಸಂಪು, ಸೆಪ್ಟಿಕ್ ಗುಂಡಿ, ಹಳೆ ಬಾವಿ ಎಲ್ಲಿವೆ ಎಂದು ಸುಣ್ಣದ ಗೆರೆ ಎಳೆದು ತೋರಿಸಬೇಕು. ಅವುಗಳ ಮುಚ್ಚಳದ ಮೇಲೆ ಯಂತ್ರ ಹತ್ತಿದರೆ ಒಳಕ್ಕೆ ಇಳಿಯುತ್ತದೆ. ಸೆಪ್ಟಿಕ್ ಗುಂಡಿಯನ್ನು ಸಕ್ಕಿಂಗ್ ಯಂತ್ರದಿಂದಲೇ ಖಾಲಿ ಮಾಡಿಸಿ, ಮನುಷ್ಯರನ್ನು ಇಳಿಸುವುದು ಅಪರಾಧ. ಕೊಳವೆಬಾವಿಯ ಬಾಯಿಗೆ ಕಬ್ಬಿಣದ ಮುಚ್ಚಳ ಬೆಸುಗೆ ಹಾಕಿಸಿ. ಹೊಂದುಗೋಡೆ ಇದ್ದರಂತೂ, ಬೆಂಗಳೂರು ಪೇಟೆಯ ಹಳೆ ಬೀದಿಗಳಲ್ಲಿ ಇದು ಸಾಮಾನ್ಯ, ಆ ಗೋಡೆ ಯಾರದ್ದು, ಪಕ್ಕದವರ ತೊಲೆ ಅದರೊಳಗೆ ಎಷ್ಟು ಚುಚ್ಚಿಕೊಂಡಿದೆ ಎಂದು ನೋಡದೆ ಒಂದು ಇಟ್ಟಿಗೆಯನ್ನೂ ಅಲ್ಲಾಡಿಸಬಾರದು. ಪಕ್ಕದ ಮನೆಗಳ ಗೋಡೆಗಳನ್ನು ಅವರ ಎದುರಿಗೇ ತಾರೀಕು ಕಾಣುವಂತೆ ವಿಡಿಯೊ ಮಾಡಿಟ್ಟುಕೊಳ್ಳಿ. ಮೊದಲೇ ಇದ್ದ ಬಿರುಕು ಯಾವುದು, ನಿಮ್ಮ ಕೆಲಸದಿಂದ ಬಂದದ್ದು ಯಾವುದು ಎಂಬ ಜಗಳ ಅಲ್ಲಿಗೇ ನಿಲ್ಲುತ್ತದೆ. ಆಷಾಢದಲ್ಲಿ ಕೆಡವಿ ಶ್ರಾವಣದಲ್ಲಿ ಗುದ್ದಲಿ ಪೂಜೆ ಎಂದು ಲೆಕ್ಕ ಹಾಕುವವರಿಗೆ ಒಂದು ಮಾತು: ಕರಾವಳಿ, ಮಲೆನಾಡಿನಲ್ಲಿ ಅದು ಮಳೆಯ ನಟ್ಟನಡುವಿನ ಕಾಲ, ಮಣ್ಣಿನ ಗೋಡೆ ಅತ್ಯಂತ ದುರ್ಬಲವಾಗಿರುವ ಕಾಲ. ಬೇಸಿಗೆಯಲ್ಲೇ ಕೆಡವಿ ಕಾಯಿರಿ, ಮುಹೂರ್ತಕ್ಕೇನೂ ಅಡ್ಡಿಯಾಗುವುದಿಲ್ಲ.

ಅವಶೇಷದ ಹೊಣೆ ಟಿಪ್ಪರ್ ಗೇಟು ದಾಟಿದರೆ ಮುಗಿಯಿತು ಎಂದುಕೊಳ್ಳುವುದು ತಪ್ಪು. 2016ರ ಕಟ್ಟಡ ತ್ಯಾಜ್ಯ ನಿಯಮಗಳು ಆ ಹೊಣೆಯನ್ನು ತ್ಯಾಜ್ಯ ಹುಟ್ಟಿಸಿದವರ ಮೇಲೆ, ಅಂದರೆ ಮಾಲೀಕರ ಮೇಲೆ ಹಾಕಿದವು. ದಿನಕ್ಕೆ 20 ಟನ್ ಮೀರಿದರೆ ಕಾಂಕ್ರೀಟು, ಮಣ್ಣು, ಇಟ್ಟಿಗೆ-ಗಾರೆ, ಉಕ್ಕು-ಮರ-ಪ್ಲಾಸ್ಟಿಕ್ ಎಂದು ನಾಲ್ಕಾಗಿ ಬೇರ್ಪಡಿಸಬೇಕೆಂದವು. ಸಣ್ಣ ಮನೆಗೆ ಇದು ತಾಗುವುದಿಲ್ಲ ಎನಿಸಬಹುದು. ಆದರೆ ಮೇಲೆ ಹೇಳಿದ ಸಾವಿರ ಚದರಡಿಯ ಮನೆಯನ್ನು ಯಂತ್ರದಿಂದ ಒಂದೇ ದಿನ ಕೆಡವಿದರೆ ಆ ಮಿತಿಯನ್ನು ನಾಲ್ಕೈದು ಪಟ್ಟು ದಾಟುತ್ತದೆ. 2025ರಲ್ಲಿ ಪ್ರಕಟವಾದ ಹೊಸ ನಿಯಮಗಳು 2026ರ ಏಪ್ರಿಲ್ 1ರಿಂದ ಜಾರಿಗೆ ಬರುವಂಥವು. ಅವುಗಳ ಮುಖ್ಯ ಭಾರ 20,000 ಚದರ ಮೀಟರ್ ಮೀರಿದ ದೊಡ್ಡ ಯೋಜನೆಗಳ ಮೇಲೆ. ಮನೆಯವರು ಸ್ಥಳೀಯ ಸಂಸ್ಥೆ ಹೇಳಿದ ಜಾಗಕ್ಕೆ ಸಾಗಿಸುವುದು ಸರಿಯಾದ ದಾರಿ. ಬೆಂಗಳೂರಿನ ಬಳಿ ಚಿಕ್ಕಜಾಲದಲ್ಲಿ ಇಂಥ ಅವಶೇಷವನ್ನು ಪುಡಿಮಾಡಿ ಮರಳು, ಜಲ್ಲಿ ಮಾಡುವ ಘಟಕ ಇದೆ. ಅಂಥ ಜಲ್ಲಿ ಕಳಪೆ ಎಂದು ಮೂಗು ಮುರಿಯಬೇಕಿಲ್ಲ. ಕಂಬಿ ಹಾಕಿದ ಕಾಂಕ್ರೀಟಿನಲ್ಲೂ ಎಂ25 ದರ್ಜೆಯ ತನಕ ಶೇ 20ರಷ್ಟನ್ನು 2016ರ ಐಎಸ್ 383 ಒಪ್ಪುತ್ತದೆ. ಒಡೆದ ಇಟ್ಟಿಗೆ ಮತ್ತು ಗಾರೆಯಲ್ಲಿ ಸ್ವಲ್ಪ ಭಾಗವನ್ನು ನಿಮ್ಮ ಹೊಸ ಮನೆಯ ನೆಲದಡಿ ತುಂಬಲು ಇಟ್ಟುಕೊಂಡರೆ ಸಾಗಣೆಯೂ ಉಳಿಯುತ್ತದೆ, ಮಣ್ಣು ತರಿಸುವ ಖರ್ಚೂ ಉಳಿಯುತ್ತದೆ. ಮರದ ಚೂರು, ಪ್ಲಾಸ್ಟಿಕ್ ಅದರಲ್ಲಿ ಸೇರದಂತೆ ನೋಡಿಕೊಂಡರೆ ಆಯಿತು.

ಗುತ್ತಿಗೆದಾರನನ್ನು ಆರಿಸುವಾಗ ಅವನು ಹಿಂದೆ ಕೆಡವಿದ ಎರಡು ಸೈಟುಗಳ ವಿಳಾಸ ಕೇಳಿ. ಅಲ್ಲಿಗೆ ಹೋದಾಗ ಮಾಲೀಕರಿಗಿಂತ ಅಕ್ಕಪಕ್ಕದ ಮನೆಯವರನ್ನು ಮಾತಾಡಿಸಿ. ಧೂಳಿಗೆ ನೀರು ಹಾಕಿಸಿದನೇ, ಹಸಿರು ಬಲೆ ಕಟ್ಟಿಸಿದನೇ, ರಾತ್ರಿ ಕೆಲಸ ಮಾಡಿಸಿದನೇ, ಬಿರುಕು ಬಿಟ್ಟದ್ದಕ್ಕೆ ಬಂದು ನೋಡಿದನೇ ಎಂಬುದನ್ನೆಲ್ಲ ಅವರು ಬಾಯಿಬಿಟ್ಟು ಹೇಳುತ್ತಾರೆ. ಕೆಲಸಗಾರರ ಪರಿಹಾರದ ವಿಮೆಯ ಪ್ರತಿ, ಯಂತ್ರದ ದಾಖಲೆ ಮತ್ತು ಅದನ್ನು ಓಡಿಸುವವನ ಲೈಸೆನ್ಸ್ ನೋಡದೆ ಕೆಲಸ ಒಪ್ಪಿಸಬೇಡಿ. ವಿಮೆ ಎಂದರೆ ದರ ಏರಿಸುವ ನೆಪ ಎನ್ನುವವರಿದ್ದಾರೆ. ಏರಿದರೆ ಏರಲಿ. ಒಬ್ಬ ಬಿದ್ದು ಸೊಂಟ ಮುರಿದುಕೊಂಡರೆ ಆಸ್ಪತ್ರೆಯ ಬಿಲ್ಲು ಹಿಡಿದು ಅವನ ಮನೆಯವರು ಬಂದು ನಿಲ್ಲುವುದು ಮಾಲೀಕರ ಬಾಗಿಲಿಗೇ, ನಿಲ್ಲಬೇಕಾದದ್ದೂ ನ್ಯಾಯವೇ. ಕರಾರಿನಲ್ಲಿ ನೆಲಮಟ್ಟದ ತನಕವೋ, ಪಾಯವನ್ನೂ ಕಿತ್ತು ಗುಂಡಿ ತುಂಬುವ ತನಕವೋ ಸ್ಪಷ್ಟವಾಗಿರಲಿ. ಹೆಚ್ಚಿನ ಜಗಳ ಹುಟ್ಟುವುದು ಪಾಯದ ವಿಷಯಕ್ಕೆ. ಉಳಿಯಬೇಕಾದ ಕಾಂಪೌಂಡ್, ತೆಂಗಿನ ಮರ, ಸಂಪಿನ ಹೆಸರು ಬರೆಸಿ. ದೇವರಕೋಣೆಯ ಬಾಗಿಲನ್ನು ನೀವೇ ಇಟ್ಟುಕೊಳ್ಳುವುದಾದರೆ ಅದನ್ನೂ ಬರೆಸಿ, ಕೆಲಸ ಶುರುವಾಗುವ ಮುಂಚೆಯೇ ಬಿಚ್ಚಿಸಿ ಬೇರೆ ಕಡೆ ಸಾಗಿಸಿ. ಬಾಯಿಮಾತಿಗೆ ಬಿಟ್ಟದ್ದು ಸಂಜೆಯ ಲಾರಿಗೆ ಏರಿಬಿಡುತ್ತದೆ.

ಹಣವನ್ನು ಮೂರು ಕಂತಾಗಿ ಕೊಡಿ: ಮಾಡು ಇಳಿದಾಗ ಒಂದು, ಗೋಡೆ ಇಳಿದಾಗ ಒಂದು, ಉಳಿದದ್ದು ನೆಲ ಸಮವಾಗಿ, ಅವಶೇಷ ಇಳಿಸಿದ ಕಡೆಯ ತೂಕದ ಚೀಟಿಗಳು ನಿಮ್ಮ ಕೈ ಸೇರಿದ ಮೇಲೆ. ಆ ಕೊನೆಯ ಕಂತು ಮೂರರಲ್ಲಿ ದೊಡ್ಡದಾಗಿರಲಿ. ಚೀಟಿ ಇಲ್ಲದೆ ಅದನ್ನು ಯಾರು ಕೇಳಿದರೂ ಕೊಡಬೇಡಿ.